ಬೋಳುಗುಡ್ಡ ಅಲ್ಲ, ಹುಲ್ಲುಗಾವಲು: ಕುದುರೆಮುಖದ ಬಗ್ಗೆ ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅರಣ್ಯ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮತ್ತು ಅದರ ಅಂಚಿನ ಹುಲ್ಲುಗಾವಲುಗಳನ್ನು ಹುಲ್ಲುಗಾವಲಾಗಿಯೇ ಉಳಿಸುವ ಕುರಿತು.

ಮಾನ್ಯರೇ,

ನಾನು ಕಳಸ ಸೀಮೆಯವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ ಇದೆ. ಮೋಡ ಇಲ್ಲದ ದಿನ ನಮ್ಮ ಅಂಗಳದಿಂದಲೇ ಕುದುರೆಮುಖದ ಸಾಲು ಕಾಣುತ್ತದೆ. ಈ ಬೆಟ್ಟಗಳ ನೆರೆಮನೆಯವನು ಅಂತ ತಿಳಿದು ನನ್ನ ಮಾತನ್ನು ಓದಿದರೆ ಸಾಕು.

ಕಳೆದ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಪೇಟೆಯಿಂದ ಒಂದು ತಂಡ ನಮ್ಮ ಕಡೆ ಬಂದಿತ್ತು. ಒಳ್ಳೆಯ ಹುಡುಗ ಹುಡುಗಿಯರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈಯಲ್ಲಿ ಬಕೆಟ್ ತುಂಬ ಬೀಜದುಂಡೆ. ಉದ್ಯಾನದ ಗಡಿಗೆ ತಾಗಿದ ಗುಡ್ಡದ ನೆತ್ತಿಯಲ್ಲಿ ನಿಂತು ಹುಲ್ಲಿನ ಇಳಿಜಾರಿಗೆ ಬೀಸಿ ಬೀಸಿ ಎಸೆಯುತ್ತಿದ್ದರು. ಏನು ಮಾಡ್ತಿದ್ದೀರಪ್ಪಾ ಅಂತ ಕೇಳಿದೆ. ‘ಬೋಳುಗುಡ್ಡ ಅಲ್ವಾ ಸಾರ್, ಕಾಡು ಮಾಡ್ತಿದ್ದೀವಿ’ ಅಂದರು. ಅವರನ್ನು ಬೈಯುವುದಕ್ಕೆ ಮನಸ್ಸು ಬರಲಿಲ್ಲ. ವನಮಹೋತ್ಸವದ ಭಾಷಣದಿಂದ ಹಿಡಿದು ಸರ್ಕಾರಿ ಅಂಕಿ ಅಂಶದವರೆಗೆ ಎಲ್ಲ ಕಡೆ ಅವರ ಕಿವಿಗೆ ಬಿದ್ದಿರುವುದು ಒಂದೇ ಮಾತು: ಮರ ಇದ್ದರೆ ಕಾಡು, ಮರ ಇಲ್ಲದಿದ್ದರೆ ಹಾಳುಬಿದ್ದ ಜಾಗ. ಆ ಮಾತನ್ನು ತಿದ್ದುವ ಅಧಿಕಾರ ಇರುವುದು ನಿಮ್ಮ ಕಚೇರಿಗೆ. ಅದಕ್ಕೇ ಈ ಪತ್ರ ನಿಮಗೆ.

ಕುದುರೆಮುಖ ಉದ್ಯಾನ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರು ಜಿಲ್ಲೆಗಳಿಗೂ ಚಾಚಿಕೊಂಡಿದೆ. ಕರಾವಳಿ ಕಡೆಯ ತಪ್ಪಲಲ್ಲಿ ಸಿಂಗಳೀಕ, ಮಂಗಟ್ಟೆ ಇರುವ ದಟ್ಟ ಕಾಡು. ಮೇಲೆ ಹತ್ತಿದ ಹಾಗೆಲ್ಲ ಆ ಕಾಡು ಕಣಿವೆಗಳ ಮಡಿಕೆಯೊಳಗೆ ಸರಿಯುತ್ತದೆ. ಅದೇ ಶೋಲಾ. ನೆತ್ತಿ, ಬೆನ್ನು, ಇಳಿಜಾರು ಎಲ್ಲ ಹುಲ್ಲಿನ ಪಾಲು. ಮಳೆಗಾಲದ ಗಾಳಿ ಅಲ್ಲಿ ಮನುಷ್ಯನನ್ನೇ ನಿಲ್ಲಲು ಬಿಡುವುದಿಲ್ಲ. ಮಣ್ಣು ತೆಳು, ಕೆಳಗೆ ಬಂಡೆ. ಬೇಸಿಗೆಯಲ್ಲಿ ಬೆಂಕಿಯ ಕಾಟ ಬೇರೆ. ಮರಕ್ಕೆ ಬೇಕಾದ ಆಳದ ಮಣ್ಣು, ತೇವ, ಮರೆ ಸಿಗುವುದು ಮಡಿಕೆಗಳಲ್ಲಿ ಮಾತ್ರ. ಶೋಲಾದ ಅಂಚಿನಲ್ಲಿ ನಿಂತು ನೋಡಿದರೆ ಇದು ಗೊತ್ತಾಗುತ್ತದೆ. ಒಂದು ಕಾಲು ಬಿಸಿಲಿನ ಹುಲ್ಲಲ್ಲಿ, ಇನ್ನೊಂದು ಕಾಲು ಪಾಚಿ ಹಿಡಿದ ಕತ್ತಲಲ್ಲಿ. ನಡುವೆ ಬೇಲಿ ಹಾಕಿದಷ್ಟು ಖಚಿತ ಗೆರೆ.

ಈ ಹುಲ್ಲೆಲ್ಲ ಹಿಂದೆ ಕಾಡಾಗಿತ್ತು, ಜನ ಕಡಿದು ಸುಟ್ಟು ಹೀಗಾಯಿತು ಎಂಬ ವಾದ ಹಳೆಯದು. ಕೆಲವು ಜಾಗಕ್ಕೆ ಅದು ನಿಜವೂ ಇರಬಹುದು. ಆದರೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಜೊತೆಗಾರರು ನೀಲಗಿರಿಯ ಜವುಗು ಮಣ್ಣನ್ನು ಪದರ ಪದರವಾಗಿ ತೆಗೆದು, ಅದರಲ್ಲಿರುವ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಬಿಸಿನಾಡಿನ ಹುಲ್ಲು ಮತ್ತು ಮರ ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಬೇರೆ ಬೇರೆ. ಆ ಗುರುತು ಸತ್ತ ಮೇಲೂ ಮಣ್ಣಿನಲ್ಲಿ ಉಳಿಯುತ್ತದೆ. ಅದನ್ನು ಓದಿದಾಗ ಕಂಡದ್ದು, 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇತ್ತು ಅಂತ. ಹವೆ ಒಣಗಿದಾಗ ಹುಲ್ಲು ಹಬ್ಬಿದೆ, ತೇವ ಹೆಚ್ಚಿದಾಗ ಹಿಂದೆ ಸರಿದಿದೆ. ಕೊಡಲಿ ಹಿಡಿದ ಮನುಷ್ಯ ಆ ಬೆಟ್ಟಕ್ಕೆ ಹತ್ತುವ ಮೊದಲೇ ಹುಲ್ಲು ಮನೆ ಮಾಡಿಕೊಂಡಿತ್ತು.

ಅದೇ ನೀಲಗಿರಿಯಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ಊಟಿ ಹತ್ತಿರದ ಗ್ಲೆನ್‌ಮಾರ್ಗನ್‌ನಲ್ಲಿ ಅಕ್ಕಪಕ್ಕದ ಎರಡು ಹಳ್ಳಗಳನ್ನು ಆರಿಸಿ, ಒಂದರ ಜಲಾನಯನದ ಹುಲ್ಲಿನಲ್ಲಿ ನೀಲಗಿರಿ ಗಿಡ ನೆಟ್ಟರು. ಇನ್ನೊಂದನ್ನು ಹಾಗೇ ಬಿಟ್ಟರು. ಹತ್ತು ವರ್ಷದ ಮೊದಲ ಕಟಾವಿನ ಅವಧಿಯಲ್ಲೇ ಗಿಡ ನೆಟ್ಟ ಕಡೆಯ ನೀರು ಶೇ 16ರಷ್ಟು ಇಳಿಯಿತು. ಕಾರಣ ಸುಲಭ. ಬೇಗ ಬೆಳೆಯುವ ಮರ ನೀರನ್ನೂ ಬೇಗ ಕುಡಿಯುತ್ತದೆ. ಬೆಟ್ಟದ ಹುಲ್ಲು ಹಾಗಲ್ಲ. ಸ್ವಲ್ಪ ಕುಡಿದು ಉಳಿದದ್ದನ್ನು ಕೆಳಗೆ ಬಿಡುತ್ತದೆ. ಆಷಾಢದಲ್ಲಿ ಕುಡಿದ ನೀರನ್ನು ಈ ಗುಡ್ಡಗಳು ಒದ್ದೆ ಕಂಬಳಿ ಸೋರುವ ಹಾಗೆ ತಿಂಗಳುಗಟ್ಟಲೆ ಬಿಡುತ್ತಾ ಇರುತ್ತವೆ.

ಇದು ಬರೀ ನಮ್ಮೂರಿನ ಹಳ್ಳದ ಮಾತಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಉದ್ಯಾನದ ಗಂಗಾಮೂಲದ ಆಸುಪಾಸಿನಲ್ಲಿ. ಲಕ್ಕವಳ್ಳಿಯ ಭದ್ರಾ ಡ್ಯಾಮಿನ ನೀರು ಕುಡಿಯುವ ದಾವಣಗೆರೆ ಭತ್ತದ ಗದ್ದೆಗೂ, ಮಂಗಳೂರಿನ ನಲ್ಲಿಗೂ ಇಲ್ಲಿನ ಹುಲ್ಲಿಗೂ ಸಂಬಂಧ ಇದೆ.

ಈಗ ನನ್ನ ಮೊದಲ ದೂರು. ನಮ್ಮ ದೇಶದ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಮರದ ನೆರಳು ಶೇ 10ರಷ್ಟಾದರೂ ಇದ್ದರೆ ಅದು ‘ಅರಣ್ಯ ಹೊದಿಕೆ’. ಅದು ಅಕೇಶಿಯಾ ಪ್ಲಾಂಟೇಶನ್ ಆದರೂ ಆಯಿತು. ಸಾವಿರಾರು ವರ್ಷದ ಹುಲ್ಲುಗಾವಲು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಅಂದರೆ ನಾಳೆ ಈ ಗುಡ್ಡಗಳನ್ನೆಲ್ಲ ಅಕೇಶಿಯಾ ನುಂಗಿದರೆ ವರದಿಯಲ್ಲಿ ಕಾಡು ಜಾಸ್ತಿಯಾಯಿತು ಅಂತ ಬರುತ್ತದೆ. ನಾವೆಲ್ಲ ಚಪ್ಪಾಳೆ ಹೊಡೆಯಬೇಕು! ಗಿಡ ನೆಡುವ ಗುರಿ ಮುಟ್ಟಿಸಲು ಯಾರೇ ಖಾಲಿ ಜಾಗ ಹುಡುಕಿಕೊಂಡು ಹೊರಟರೂ ಮೊದಲು ಕಣ್ಣಿಗೆ ಬೀಳುವುದು ಹುಲ್ಲುಗಾವಲೇ. ಸಮೀಕ್ಷೆಯ ನಿಯಮ ದಿಲ್ಲಿಯದು, ನಿಜ. ಆದರೆ ಎಲ್ಲಿ ಗಿಡ ನೆಡಬೇಕು, ಎಲ್ಲಿ ನೆಡಬಾರದು ಅಂತ ಹೇಳುವುದು ರಾಜ್ಯದ ಕೈಯಲ್ಲೇ ಇದೆಯಲ್ವಾ?

ಅಕೇಶಿಯಾದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿದ್ದ ಕಾಲದಲ್ಲೂ ಆಮೇಲೂ ಮಲೆನಾಡಿನ ಉದ್ದಕ್ಕೂ ಇದನ್ನು ನೆಟ್ಟರು. ಆಸ್ಟ್ರೇಲಿಯಾ ಕಡೆಯ ಮರ. ಎಂಥ ಮಣ್ಣಿಗೂ ಹೊಂದಿಕೊಳ್ಳುತ್ತದೆ, ದನ ಮೇಯುವುದಿಲ್ಲ, ಬೇಗ ಸೌದೆಯಾಗುತ್ತದೆ. ಆ ಕಾಲಕ್ಕೆ ಅದು ಸರಿ ಅನ್ನಿಸಿರಬಹುದು. ಈಗ ಅದು ನೆಟ್ಟ ಜಾಗದಲ್ಲಿ ಸುಮ್ನೆ ಕೂತಿಲ್ಲ. ಅದರ ಕಾಯಿ ಸುರುಳಿಯಾಗಿ ಬಿರಿದು, ಕಪ್ಪು ಬೀಜ ಹಳದಿ ದಾರದಲ್ಲಿ ನೇತಾಡುತ್ತದೆ. ಹಕ್ಕಿಗಳಿಗೆ ಆ ಹಳದಿ ಇಷ್ಟ. ಬೀಜದ ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ಬೆಂಕಿ ಬಿದ್ದು ಬಿಸಿ ತಾಗಿದರೆ ಸಿಪ್ಪೆ ಒಡೆದು ಒಟ್ಟಿಗೇ ಮೊಳೆಯುತ್ತದೆ.

ನಮ್ಮ ಕಡೆಯ ಗುಡ್ಡದಂಚಿನಲ್ಲಿ ಮಂಡಿಯೂರಿ ಹುಲ್ಲನ್ನು ಬಿಡಿಸಿ ನೋಡಿದರೆ ಬೆರಳುದ್ದದ ಸಸಿಗಳು ಸಿಗುತ್ತವೆ. ಮೊದಲ ಎಲೆ ನಾಚಿಕೆಮುಳ್ಳಿನ ಎಲೆಯ ಥರ ಸಣ್ಣ ಸಣ್ಣ ಗರಿ. ಅದಾದ ಮೇಲೆ ಬರುವ ತೊಟ್ಟುಗಳು ಚಪ್ಪಟೆಯಾಗಿ ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ. ಒಂದೇ ಸಸಿಯಲ್ಲಿ ಎರಡೂ ಇರುತ್ತವೆ. ಗೊತ್ತಿಲ್ಲದವರಿಗೆ ಯಾವುದೋ ಕಾಡುಗಿಡ ಅನ್ನಿಸುತ್ತದೆ. ಈ ಹಂತದಲ್ಲಿ ಎರಡು ಬೆರಳಲ್ಲಿ ಕೀಳಬಹುದು. ಎರಡು ವರ್ಷ ಬಿಟ್ಟರೆ ಕತ್ತಿ ಬೇಕು, ಐದು ವರ್ಷ ಬಿಟ್ಟರೆ ಟೆಂಡರ್ ಬೇಕು.

ತಮಿಳುನಾಡಿನ ನೀಲಗಿರಿ, ಪಳನಿ ಬೆಟ್ಟಗಳಲ್ಲಿ ವಾಟಲ್ ಎಂಬ ಇದರ ದಾಯಾದಿ ಮರ ಹುಲ್ಲುಗಾವಲನ್ನು ಮೈಲಿಗಟ್ಟಲೆ ತಿಂದು ಹಾಕಿದೆ. ಅಲ್ಲಿನ ಸರ್ಕಾರ 2022ರಲ್ಲಿ ಇಂಥ ಗಿಡಗಳನ್ನು ತೆಗೆಯುವುದಕ್ಕೆಂದೇ ಒಂದು ನೀತಿ ತಂದಿತು. ನಮ್ಮಲ್ಲಿ ನೀಲಗಿರಿ ಗಿಡ ನೆಡುವುದಕ್ಕೆ 2017ರಲ್ಲಿ ತಡೆ ಬಿತ್ತು, ಅದು ಒಳ್ಳೆಯದೇ. ಹೊಸದು ನೆಡಬೇಡಿ ಅನ್ನುವುದು ಒಂದು, ಇರುವುದು ಹರಡದ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದರ ಬಗ್ಗೆ ಕುದುರೆಮುಖಕ್ಕೆ ಅಂತಲೇ ಒಂದು ಯೋಜನೆ ಜನರ ಮುಂದೆ ಬರಬೇಕು.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ದಯವಿಟ್ಟು ಜೆಸಿಬಿ ಕಳಿಸಬೇಡಿ. ಇಳಿಜಾರಿನ ಮರವನ್ನು ಒಂದೇ ಬೇಸಿಗೆಯಲ್ಲಿ ಬೋಳಿಸಿದರೆ ಮುಂದಿನ ಮಳೆಗೆ ಗುಡ್ಡವೇ ಕೆಳಗೆ ಬರುತ್ತದೆ. ಅಂಚಿನ ಸಸಿಗಳನ್ನು ಮೊದಲು ಕೀಳಿಸಿ, ದೊಡ್ಡ ಮರಗಳನ್ನು ಸ್ವಲ್ಪ ಸ್ವಲ್ಪವೇ ತೆಗೆಯಲಿ. ಹಳೆಯ ಗಣಿಯ ಮೆಟ್ಟಿಲುಗಳಲ್ಲಿ ನಿಂತ ಮರಗಳನ್ನು, ಮಣ್ಣು ಹಿಡಿಯಲು ಬೇರೆ ಏನಾದರೂ ಬರುವವರೆಗೆ ಮುಟ್ಟದಿರುವುದೇ ಮೇಲು.

ಮಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಯಾರ ಮನೆ ಜಗಲಿಯಲ್ಲಿ ಕೂತರೂ ಇದೇ ಮಾತು. ಜೂನ್ ತಿಂಗಳು ಸುಮ್ಮನೆ ಕಳೆದುಹೋಗುತ್ತದೆ, ಬೇಕಾದಾಗ ಬರದ ಮಳೆ ಆಮೇಲೆ ನಾಲ್ಕೇ ದಿನದಲ್ಲಿ ಸುರಿದು ಹೆಬ್ಬಾಳೆ ಸೇತುವೆ ಮುಳುಗಿಸುತ್ತದೆ ಅಂತ. ಜಗಲಿಯ ಮಾತನ್ನು ಪುರಾವೆ ಅನ್ನುವುದಿಲ್ಲ. ಆದರೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ತೋರಿಸಿದ್ದು ಇಂಥದ್ದನ್ನೇ: 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶವನ್ನು ಒಟ್ಟಿಗೇ ಹೊಡೆಯುವ ಅತಿವೃಷ್ಟಿ ಮೂರು ಪಟ್ಟಾಗಿದೆ. ಅದಕ್ಕೆ ತೇವ ಒದಗಿಸುವುದರಲ್ಲಿ ಅರಬ್ಬಿ ಸಮುದ್ರದ ಪಾಲು ದೊಡ್ಡದು. ಅದೇ ಸಮುದ್ರದ ಗಾಳಿಗೆ ಎದೆ ಕೊಟ್ಟು ನಿಂತಿರುವುದು ನಮ್ಮ ಬೆಟ್ಟ.

2019ರ ಆಶ್ಲೇಷ ಮಳೆ ನೆನಪಿರಬಹುದು. ಚಾರ್ಮಾಡಿ ಘಾಟಿ ಕುಸಿಯಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಮನೆ, ತೋಟ ಮಣ್ಣಿನಡಿ ಹೋದವು. ಆಚೆ ಬೆಳ್ತಂಗಡಿಯ ದಿಡುಪೆಯಲ್ಲಿ ಅಡಿಕೆ ತೋಟದ ತುಂಬ ಮರಳು. ಅವತ್ತಿನ ಕುಸಿತಕ್ಕೆಲ್ಲ ಒಂದೇ ಕಾರಣ ಅಂತ ಹೇಳಲು ನಾನು ಭೂವಿಜ್ಞಾನಿಯಲ್ಲ. ಇಷ್ಟು ಮಾತ್ರ ಕೇಳುತ್ತೇನೆ: ಇಂಥ ಮಳೆ ಇನ್ನೂ ಬರುತ್ತದೆ ಅನ್ನುವುದಾದರೆ, ಯಾವ ಇಳಿಜಾರಿನಲ್ಲಿ ಹುಲ್ಲು ಗಟ್ಟಿಯಾಗಿದೆ, ಎಲ್ಲಿ ಸವೆದಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಪಟ್ಟಿ ಮಾಡಿಟ್ಟುಕೊಳ್ಳುವುದು ಬೇಡವೇ?

ಹಳ್ಳದ ಒಳಗೆ ಏನಾಗುತ್ತಿದೆ ಎನ್ನುವುದಕ್ಕೆ ನಮ್ಮದೇ ಒಂದು ಕಪ್ಪೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ.ಆರ್. ನಾರಾಯಣ ರಾವ್ 1937ರಲ್ಲಿ ವಿವರಿಸಿದ್ದು. ಕೊಟ್ಟಿಗೆಹಾರದ ಹೆಸರನ್ನೇ ಅದಕ್ಕೆ ಇಟ್ಟರು. ಎರಡು, ಎರಡೂವರೆ ಸೆಂಟಿಮೀಟರ್ ಉದ್ದ, ಒದ್ದೆ ಕಲ್ಲಿನ ಬಣ್ಣ. ಹಳ್ಳದ ಸದ್ದಿನಲ್ಲಿ ಕೂಗಿದರೆ ಸಾಲದು ಅಂತಲೋ ಏನೋ, ಗಂಡು ಕಪ್ಪೆ ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳು ಬಿಡಿಸಿ, ಬಿಳಿ ಜಾಲಪಾದವನ್ನು ಒಮ್ಮೆ ಝಳಪಿಸಿ ಮಡಚಿಕೊಳ್ಳುತ್ತದೆ. ಎದುರಿನ ಕಲ್ಲಿನ ಮೇಲಿನವನು ಅದಕ್ಕೆ ತನ್ನ ಕಾಲು ಚಾಚಿ ಉತ್ತರ ಕೊಡುತ್ತಾನೆ. ನಮ್ಮ ಮಕ್ಕಳಿಗೆ ತೋರಿಸಿದಾಗ ಅವರೂ ಕಾಲು ಚಾಚಿ ಹಳ್ಳಕ್ಕೆ ಬಿದ್ದದ್ದುಂಟು.

ಈ ಕಪ್ಪೆಗಳ ಸಂಸಾರ ನಡೆಯುವುದು ಮಳೆಗಾಲದ ಅಬ್ಬರ ಇಳಿದ ಮೇಲೆ, ಹರಿವು ತೆಳುವಾದಾಗ. ಅಬ್ಬರ ತಡವಾಗಿ ಮುಗಿದು, ಹಳ್ಳ ಬೇಗ ಬತ್ತಿದರೆ ಅವುಗಳಿಗೆ ಸಿಗುವ ಹೊತ್ತೇ ಕಡಿಮೆ. ಇದೇ ಕುಟುಂಬದ ಇನ್ನೊಂದು ಕಪ್ಪೆಯ ಗೊದಮೊಟ್ಟೆಗಳು ಹಳ್ಳದ ತಳದ ಮರಳಿನೊಳಗೆ ಹೂತುಕೊಂಡು ಬೆಳೆಯುತ್ತವೆ ಎಂದು 2016ರಲ್ಲಿ ಸಂಶೋಧಕರು ಪತ್ತೆ ಮಾಡಿದರು. ಆ ಮರಳಿನ ಮೇಲೆ ನುಣ್ಣಗಿನ ಕೆಸರು ಕೂತರೆ ಅವು ಉಸಿರಾಡುವುದು ಹೇಗೆ? ಹುಲ್ಲು ಸವೆದರೆ ಕೆಸರು ಬರುವುದು ಆ ಹಳ್ಳಕ್ಕೇ.

ಕೆಸರು ಅಂದಾಗ ಹಳೆಯದೊಂದು ನೆನಪಿಸಬೇಕು. ಕುದುರೆಮುಖದ ಗಣಿ ನಿಂತದ್ದು ಘೋಷಣೆ ಕೂಗಿದ್ದರಿಂದ ಮಾತ್ರ ಅಲ್ಲ. ಮಳೆಗಾಲದಲ್ಲಿ ಭದ್ರೆಯ ನೀರನ್ನು ಬಾಟಲಿಗೆ ತುಂಬಿ ಕೆಸರು ಎಷ್ಟಿದೆ ಅಂತ ಅಳೆದವರಿದ್ದರು. ನಾಗರಹೊಳೆಯ ನಿವೃತ್ತ ರೇಂಜರ್ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿ ನಡೆದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಅದಾಗಿ ಇಷ್ಟು ವರ್ಷವಾಯಿತು. ಭದ್ರೆ ತಿಳಿಯಾದಳೇ, ಎಷ್ಟು ತಿಳಿಯಾದಳು? ಗಣಿಯ ಹೂಳು ತಡೆಯಲು ಕಟ್ಟಿದ ನೂರು ಮೀಟರ್ ಎತ್ತರದ ಲಕ್ಯಾ ಡ್ಯಾಮಿನ ಸ್ಥಿತಿ ಹೇಗಿದೆ? ಅದರ ಕೆಳಗೆ ಹೊಳೆದಂಡೆಯಲ್ಲಿ ಬದುಕುವ ನಮ್ಮಂಥವರಿಗೆ ಇದು ಕುತೂಹಲದ ಪ್ರಶ್ನೆ ಅಲ್ಲ. ಇಂಜಿನಿಯರುಗಳ ಬಳಿ ಉತ್ತರ ಇದ್ದರೆ ಅದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ, ಪಂಚಾಯ್ತಿ ಬೋರ್ಡಿನ ಮೇಲೆ ಅಂಟಿಸುವುದಕ್ಕೆ ಏನು ಕಷ್ಟ?

ಚಾರಣಿಗರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಆನ್‌ಲೈನ್ ಬುಕಿಂಗ್, ದಿನದ ಮಿತಿ ಎಲ್ಲ ನಮ್ಮ ಬೆಟ್ಟಕ್ಕೂ ಬಂತು. ಅದು ಒಳ್ಳೆಯ ಕೆಲಸ, ಧನ್ಯವಾದ. ಆದರೆ ದಿನಕ್ಕೆ ಮುನ್ನೂರು ಅನ್ನುವ ಲೆಕ್ಕಕ್ಕೆ ಜೂನ್, ಜುಲೈ ತಿಂಗಳ ಮಣ್ಣು ಒಪ್ಪುತ್ತದೆಯೇ? ಕಾಲುದಾರಿ ಕೆಸರಾದಾಗ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅದೂ ಕೆಸರಾದಾಗ ಅದರ ಪಕ್ಕ. ಒಂದು ದಾರಿ ನಾಲ್ಕಾಗುತ್ತದೆ, ನಾಲ್ಕರಲ್ಲೂ ನೀರು ಹರಿದು ಸಣ್ಣ ಚರಂಡಿಯಾಗುತ್ತದೆ. ತಲೆ ಎಣಿಸುವ ಜೊತೆಗೆ ದಾರಿಯ ಅಗಲವನ್ನೂ ಅಳೆಯಿರಿ. ಅಗಲ ಹೆಚ್ಚಿದ ದಾರಿಗೆ ಒಂದು ಮಳೆಗಾಲ ರಜೆ ಕೊಡಿ. ಬುಕಿಂಗ್‌ನ ದುಡ್ಡಿನಲ್ಲಿ ಒಂದು ಪಾಲು ಅದೇ ದಾರಿಯ ರಿಪೇರಿಗೆ ಹೋಗಲಿ.

ಬೆಂಕಿಯ ವಿಷಯ ಇಷ್ಟು ಸುಲಭ ಇಲ್ಲ. ಹುಲ್ಲು ಸುಟ್ಟರೂ ಚಿಗುರುತ್ತದೆ, ಶೋಲಾದ ಅಂಚು ಸುಟ್ಟರೆ ಬೇಗ ಬರುವುದಿಲ್ಲ, ಅಕೇಶಿಯಾ ಬೀಜಕ್ಕಂತೂ ಬೆಂಕಿ ಅಂದರೆ ಹಬ್ಬ. ಹಿಂದೆ ಕರಡದ ಹುಲ್ಲು ಪೂರ್ತಿ ಒಣಗುವ ಮೊದಲೇ ಅಲ್ಲಲ್ಲಿ ತೇಪೆಯ ಹಾಗೆ ಸುಡುತ್ತಿದ್ದರು, ಅದಕ್ಕೇ ದೊಡ್ಡ ಬೆಂಕಿ ಏಳುತ್ತಿರಲಿಲ್ಲ ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. ಸರಿಯೋ ತಪ್ಪೋ, ಪರೀಕ್ಷೆ ಮಾಡಿ ನೋಡಬೇಕಾದ ಮಾತು. ಅದನ್ನು ಹೇಳುವ ಮಲೆಕುಡಿಯರ, ಗೌಡಲು ಜನರ ಮನೆಗಳು ಒಂದೊಂದಾಗಿ ಉದ್ಯಾನದಿಂದ ಹೊರಗೆ ಬರುತ್ತಿವೆ. ಪುನರ್ವಸತಿಯ ಸರಿ ತಪ್ಪು ಬೇರೆ ಚರ್ಚೆ. ಅವರು ಹೋಗುವ ಮೊದಲು ಅವರಿಗೆ ಗೊತ್ತಿರುವುದನ್ನು ಕೇಳಿ ಬರೆದಿಡಿ. ಎಲ್ಲಿ ಯಾವ ಹಳ್ಳ ಯಾವ ತಿಂಗಳು ಬತ್ತುತ್ತಿತ್ತು ಅಂತ ಹೇಳಬಲ್ಲ ಬೇರೆ ಯಾರೂ ಇಲ್ಲ.

ಹಾಗಾದರೆ ನಾನು ಕೇಳುತ್ತಿರುವುದು ಏನು? ಮೊದಲು, ಮುಂದಿನ ವನಮಹೋತ್ಸವ ಬರುವ ಮುಂಚೆ ಒಂದು ಸುತ್ತೋಲೆ. ಉದ್ಯಾನದಲ್ಲಿ, ಅದರ ಸುತ್ತಿನ ಗುಡ್ಡಗಳಲ್ಲಿ ಸಹಜ ಹುಲ್ಲುಗಾವಲು ಇರುವ ಕಡೆ ಗಿಡ ನೆಡಬಾರದು, ಬೀಜದುಂಡೆ ಎಸೆಯಬಾರದು, ಆ ಜಾಗವನ್ನು ಬೇರೆ ಕಡೆ ಕಡಿದ ಕಾಡಿನ ಪರಿಹಾರಕ್ಕೆ ತೋರಿಸಬಾರದು. ಆ ಹುಲ್ಲುಗಾವಲಿನ ನಕ್ಷೆಯೂ ಎಲ್ಲರಿಗೂ ಸಿಗಲಿ. ಗಿಡ ನೆಡುವ ಆಸೆ ಇರುವ ಮಕ್ಕಳಿಗೆ ಅಕೇಶಿಯಾ ಸಸಿ ಕೀಳುವ ಕೆಲಸ ಕೊಡಿ, ಖಂಡಿತ ಬರುತ್ತಾರೆ. ಕೀಳುವುದನ್ನು ತೋರಿಸಿಕೊಡಲು ನಾನೂ ಬರುತ್ತೇನೆ, ಮಂಡಿ ನೋವು ಕಡಿಮೆ ಇದ್ದರೆ.

ಆಮೇಲೆ ಅಳತೆ. ಬೇಸಿಗೆಯಲ್ಲಿ ಬೆಂಕಿ ಕಾಯಲು ತೆಗೆದುಕೊಳ್ಳುವ ವಾಚರ್ ಹುಡುಗರು ಹೆಚ್ಚಿನವರು ಇಲ್ಲಿನವರೇ. ಬೆಟ್ಟದ ಮೂಲೆ ಮೂಲೆ ಗೊತ್ತು. ಅವರಿಗೆ ವರ್ಷವಿಡೀ ಕೆಲಸ ಕೊಟ್ಟು, ಹಳ್ಳದ ನೀರಿನ ಮಟ್ಟ, ಕೆಸರು, ಹುಲ್ಲಿನ ಅಂಚು, ದಾರಿಯ ಅಗಲ ದಾಖಲಿಸಲು ತರಬೇತಿ ಕೊಡಿ. ಮಳೆ ಲೆಕ್ಕಕ್ಕೆ ಹೊಸದಾಗಿ ಶುರು ಮಾಡಬೇಕೆಂದೇನೂ ಇಲ್ಲ. ಇಲ್ಲಿನ ಕಾಫಿ ಎಸ್ಟೇಟುಗಳ ಕಪಾಟಿನಲ್ಲಿ ಇಂಚು, ಸೆಂಟ್ಸಿನ ಲೆಕ್ಕದಲ್ಲಿ ತಲೆಮಾರುಗಳ ಮಳೆ ದಾಖಲೆ ಇದೆ. ಗೆದ್ದಲು ಹಿಡಿಯುವ ಮೊದಲು ಯಾರಾದರೂ ಬಂದು ಫೋಟೋ ತೆಗೆದುಕೊಂಡು ಹೋಗಲಿ. ನಮ್ಮ ಸುತ್ತಿನ ತೋಟದವರನ್ನು ಒಪ್ಪಿಸುವ ಜವಾಬ್ದಾರಿ ನನ್ನದು.

ಇನ್ನೊಂದು ಚಿಕ್ಕ ವಿಷಯ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು ಆ ಗಿಡ ಸಾಯುತ್ತದೆ. ಬಿದ್ದ ಬೀಜ ಅದೇ ಬೆಟ್ಟದ ತೆರೆದ ಹುಲ್ಲಿನ ನಡುವೆ ಮೊಳೆತು ಮತ್ತೆ ಹನ್ನೆರಡು ವರ್ಷ ಬೆಳೆಯಬೇಕು. ಮುಂದಿನ ಸರದಿ 2034ಕ್ಕೆ. ಅಂದರೆ ಆ ಸಸಿಗಳು ಈಗಲೇ ಹುಲ್ಲಿನಲ್ಲಿವೆ. ಹೂವು ಬಂದ ವರ್ಷ ಟ್ರಾಫಿಕ್ ಪೊಲೀಸರನ್ನು ನಿಲ್ಲಿಸುವುದಕ್ಕಿಂತ ಈ ನಡುವಿನ ವರ್ಷಗಳಲ್ಲಿ ಅಲ್ಲಿನ ಇಳಿಜಾರುಗಳನ್ನು ಕಾಯುವುದು ಮುಖ್ಯ. ಸುತ್ತೋಲೆ ಹೊರಡಿಸುವಾಗ ಆ ಬೆಟ್ಟಗಳನ್ನೂ ಸೇರಿಸಿಕೊಳ್ಳಿ.

ಈ ಪತ್ರದ ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಇನ್ನೊಂದನ್ನು ನಮ್ಮ ಗ್ರಾಮ ಪಂಚಾಯ್ತಿಗೂ ಕೊಟ್ಟಿದ್ದೇನೆ. ಉತ್ತರವನ್ನು ನನಗೊಬ್ಬನಿಗೇ ಬರೆಯಬೇಕಿಲ್ಲ. ಪತ್ರಿಕೆಯಲ್ಲಿ ಕೊಟ್ಟರೂ ಆಗುತ್ತದೆ. ಕನ್ನಡದಲ್ಲಿರಲಿ, ಮಳೆಗಾಲದೊಳಗೆ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಕಳಸ ಸೀಮೆಯ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು